ಕುಳ್ಳಯ್ಯ ಮಲಗಿ ಅಳೆದ ಕೋಣೆಗಳು

ಕುಳ್ಳಯ್ಯನ ಎತ್ತರ ಆರಡಿ ಒಂದಂಗುಲ. ಹೆಸರು ಅಜ್ಜನದು, ಎತ್ತರ ಯಾರದೆಂದು ಮನೆಯಲ್ಲಿ ಯಾರೂ ವಿಚಾರಿಸಲು ಹೋಗಿರಲಿಲ್ಲ. ಕೃಷ್ಣರಾಜಪೇಟೆಯಲ್ಲಿ ಆ ಎತ್ತರಕ್ಕೆ ಕಾಯಿದೆಯ ಬೆಲೆ ಬಂದಿತ್ತು. ಅವನು ಒಂದು ಕೋಣೆಯ ನೆಲದ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮಲಗಿ, ತಲೆ ಗೋಡೆಗೆ ತಾಗದೆ, ಕಾಲಿಗೆ ಬಾಗಿಲು ಬಡಿಯದೆ ಎದ್ದು ಬಂದರೆ ಅದು ಮಲಗುವ ಕೋಣೆ. ಬಡಿದರೆ ಅದು ಬೇರೆ ಏನು ಬೇಕಾದರೂ ಆಗಬಹುದಿತ್ತು, ಮಲಗುವ ಕೋಣೆ ಮಾತ್ರ ಅಲ್ಲ.

ಅವನು ಕಟ್ಟಡದ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್. ಸುತ್ತಿನ ನಾಲ್ಕು ತಾಲ್ಲೂಕಿನ ನೌಕರರು ಸೇರಿ ಮಾಡಿಕೊಂಡ ಗೃಹಸಾಲದ ಸಹಕಾರ ಸಂಘವೊಂದಿತ್ತು. ಮನೆ ಕೊಳ್ಳುವವರಿಗೆ ಸಂಘ ಸಾಲ ಕೊಡುವ ಮುಂಚೆ ಯಾರಾದರೊಬ್ಬರು ಆ ಮನೆಯನ್ನು ಕಣ್ಣಾರೆ ನೋಡಿ, ಏಳನೇ ನಂಬರಿನ ನಮೂನೆ ತುಂಬಿ, ರುಜು ಹಾಕಬೇಕು. ಹದಿನೆಂಟು ವರ್ಷದಿಂದ ಆ ಕೆಲಸ ಕುಳ್ಳಯ್ಯನದು. ನಮೂನೆಯ ಒಂಬತ್ತನೇ ಕಲಮಿನಲ್ಲಿ ‘ಮಲಗುವ ಕೋಣೆಗಳ ಸಂಖ್ಯೆ’ ಎಂದು ಅಚ್ಚಾಗಿತ್ತು. ಎರಡಿದ್ದರೆ ಪೂರ್ತಿ ಸಾಲ, ಒಂದಿದ್ದರೆ ಮುಕ್ಕಾಲು, ಒಂದೂ ಇಲ್ಲದಿದ್ದರೆ ಕೈಮುಗಿದು ಕಳಿಸುವುದು.

ನಮ್ಮ ಸೀಮೆಯ ಹಳೇ ಮನೆಗಳಲ್ಲಿ ಮಲಗುವ ಕೋಣೆ ಅಂತ ಒಂದು ಎಲ್ಲಿತ್ತು? ರಾಗಿ ಕೋಣೆ ಇತ್ತು, ದೇವರ ಕೋಣೆ ಇತ್ತು, ಬಾಣಂತಿ ಕೋಣೆ ಇತ್ತು. ಮನುಷ್ಯರು ಉಳಿದ ಜಾಗದಲ್ಲಿ ಮಲಗುತ್ತಿದ್ದರು. ಗಂಡಸರು ಜಗಲಿ ಮೇಲೆ, ಮುದುಕರು ಕೊಟ್ಟಿಗೆ ಮಗ್ಗುಲಲ್ಲಿ, ಹೆಂಗಸರು ಮಕ್ಕಳು ನಡುಮನೆಯಲ್ಲಿ. ಕುಳ್ಳಯ್ಯ ಬೂಕನಕೆರೆ ಪಕ್ಕದ ಹಳ್ಳಿಯವನು. ಮದುವೆಯಾಗುವ ತನಕ ಜಗಲಿ ಮೇಲೆ ಮಲಗಿದವನು. ಕಾಲು ಜಗಲಿಯಿಂದ ಆಚೆಗೆ ಚಾಚಿಕೊಂಡಿರುತ್ತಿತ್ತು, ಬೆಳಿಗ್ಗೆ ಹೊರಟ ದನಗಳೆಲ್ಲ ಅದನ್ನೊಂದು ಸಲ ಮೂಸಿ ಹೋಗುತ್ತಿದ್ದವು. ಅಂಥವನ ಕೈಗೆ ಸಂಘದವರು ಮಲಗುವ ಕೋಣೆಯ ಕಾಯಿದೆ ಕೊಟ್ಟರು. ಅವನು ಅದನ್ನು ಬಾಯಿಪಾಠ ಮಾಡಿಬಿಟ್ಟ.

ಸಂಘದ ಕಾಯಿದೆಯ ಪ್ರಕಾರ ಕೋಣೆ ನೂರು ಚದರಡಿಗೆ ಕಮ್ಮಿ ಇರಬಾರದು, ಯಾವ ಮಗ್ಗುಲೂ ಎಂಟಡಿಗಿಂತ ಇಳಿಯಬಾರದು. ಬಯಲಿಗೆ ತೆರೆಯುವ ಕಿಟಕಿ ಬೇಕು, ಅದೂ ನೆಲದ ಹತ್ತರಲ್ಲೊಂದು ಪಾಲು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಬೇಕು. ಇಷ್ಟೆಲ್ಲ ಇದ್ದೂ ಆ ಕೋಣೆ ಇನ್ನೊಂದು ಕೋಣೆಗೆ ಹೋಗುವ ಹಾದಿಯಾಗಿದ್ದರೆ ಲೆಕ್ಕಕ್ಕಿಲ್ಲ. ಹಾದಿಯಲ್ಲಿ ಹಂಸತೂಲಿಕಾತಲ್ಪ ಹಾಸಿದರೂ ಅದು ಹಾದಿಯೇ ಎಂದು ಕುಳ್ಳಯ್ಯ ಎಷ್ಟೋ ಮನೆಗಳನ್ನು ತಳ್ಳಿಹಾಕಿದ್ದ.

ಮಲಗಿ ಅಳೆಯುವುದು ಕಾಯಿದೆಯಲ್ಲಿ ಇರಲಿಲ್ಲ. ಮೊದಮೊದಲು ಅವನೂ ಟೇಪು ಹಿಡಿದೇ ಅಳೆಯುತ್ತಿದ್ದ. ನಾಗಮಂಗಲದಲ್ಲಿ ಮನೆ ಕೊಂಡ ಮೇಷ್ಟರೊಬ್ಬರ ಕೋಣೆ ಹತ್ತಕ್ಕೆ ಹತ್ತು ಸರಿಯಾಗಿದೆ ಎಂದು ರುಜು ಹಾಕಿ ಬಂದ. ಬಾಗಿಲು ಒಳಕ್ಕೆ ತೆರೆಯುತ್ತದೆ, ಎದುರು ಮೂಲೆಯಲ್ಲಿ ಕಂಬವೊಂದು ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ ಎಂಬುದು ಟೇಪಿಗೆ ಕಾಣಲಿಲ್ಲ. ಮೇಷ್ಟರ ಮದುವೆಗೆ ಮಾವನ ಮನೆಯಿಂದ ಬಂದ ತೇಗದ ಮಂಚವನ್ನು ಒಳಗೆ ಕೂರಿಸಿದ ಮೇಲೆ ಬಾಗಿಲು ಮುಚ್ಚಲೇ ಇಲ್ಲ. ಹೊಸ ಗಂಡಹೆಂಡಿರು ಆರು ತಿಂಗಳು ಬಾಗಿಲು ತೆರೆದೇ ಸಂಸಾರ ಮಾಡಿದರು. ಮೇಷ್ಟರು ಸಂಭಾವಿತರು, ಜಗಳವಾಡಲಿಲ್ಲ. “ಕುಳ್ಳಯ್ಯನವರೇ, ಒಂದ್ಸಲ ಮಲಗಿ ನೋಡಿದ್ರೆ ತಿಳೀತಿತ್ತು” ಅಂದರು. ಕುಳ್ಳಯ್ಯ ಆಡಿದ ಮಾತನ್ನು ಆಡಿದ ಹಾಗೇ ತೆಗೆದುಕೊಳ್ಳುವ ಮನುಷ್ಯ. ಮುಂದಿನ ಮನೆಯಿಂದಲೇ ಮಲಗಿ ನೋಡತೊಡಗಿದ.

ಅದಕ್ಕೂ ತಕರಾರು ಬಂತು. ಶ್ರೀರಂಗಪಟ್ಟಣದಲ್ಲಿ ಇನ್ನೂ ಹಾಲುಕ್ಕಿಸದ ಒಂದು ಮನೆ. ಖಾಲಿ ಕೋಣೆಯ ನಡುವೆ ಟವೆಲು ಹಾಸಿ, ಎರಡೂ ಕಾಲು ಜೋಡಿಸಿ ಚಾಚಿ, ಕಣ್ಣು ಮುಚ್ಚಿ ಮಲಗಿದ್ದವನನ್ನು ಮನೆಯ ಮುದುಕಿ ನೋಡಿಬಿಟ್ಟಳು.

“ಅಯ್ಯೋ ನನ್ ಕಂದಾ, ಏಳಪ್ಪಾ ಮ್ಯಾಕೆ! ಹಾಲುಕ್ಸ್‌ದಿರಾ ಮನೇಲಿ ಎಣ ಮನಗ್ಸ್ದಂಗೆ ಮನಗಿದ್ದೀಯಲ್ಲ!”

ಅವಳು ಕೋಣೆಗೆಲ್ಲ ಸಗಣಿ ನೀರು ಚಿಮುಕಿಸಿದಳು, ಕುಳ್ಳಯ್ಯನ ಮೇಲೂ ಒಂದು ಪಾಲು ಬಿತ್ತು. ಅಂದಿನಿಂದ ಅವನು ಒಂದು ಮೊಣಕಾಲು ಮಡಿಸಿ ಮಲಗುವ ಪದ್ಧತಿ ಮಾಡಿಕೊಂಡ. ಎರಡೂ ಕಾಲು ಚಾಚಿದರೆ ಹೆಣ, ಒಂದು ಮಡಿಸಿದರೆ ಬದುಕಿರುವ ಮನುಷ್ಯ ಎಂದು ನೋಡಿದವರಿಗೆ ಕೂಡಲೇ ತಿಳಿಯುತ್ತದೆ. ಬಲಗಾಲು ಚಾಚಿ ಉದ್ದ ನೋಡುವುದು, ಆಮೇಲೆ ಎದ್ದು ತಿರುಗಿ ಎಡಗಾಲು ಚಾಚಿ ಅಗಲ ನೋಡುವುದು. ಬಡಗಲಿಗೆ ಮಾತ್ರ ಯಾವತ್ತೂ ತಲೆ ಹಾಕುತ್ತಿರಲಿಲ್ಲ. ಹೀಗೆ ಅಳೆಯುವಾಗ ಮನೆಯವರು ಬಾಗಿಲಲ್ಲಿ ಸಾಲುಗಟ್ಟಿ ನಿಂತು ನೋಡುತ್ತಿದ್ದರು. ಅವನು ಎದ್ದು ಟವೆಲು ಕೊಡವಿ, “ಆಯ್ತದೆ” ಅಂದರೆ ಕಾಫಿ ಬರುತ್ತಿತ್ತು. “ಆಗಾಕಿಲ್ಲ” ಅಂದರೂ ಕಾಫಿ ಬರುತ್ತಿತ್ತು, ಸಕ್ಕರೆ ಕಮ್ಮಿ ಇರುತ್ತಿತ್ತು.

“ಪ್ಯಾಟೇಲಿ ಕುಳ್ಳಯ್ಯ ಮನಗ್ದೇ ಇರೋ ಮನೆ ಯಾವ್ದ್ಲಾ?” ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಿಚಾಯಿಸುತ್ತಿದ್ದರು. ಅವನು ನಗದೆ, “ಇಲ್ಲೀಗಂಟ ಮುನ್ನೂರ ಹನ್ನೆರಡಾಯ್ತು” ಎಂದು ಲೆಕ್ಕ ಒಪ್ಪಿಸುತ್ತಿದ್ದ.

ಅವನು ಮಲಗಿ ನೋಡದ ಮನೆಯೊಂದಿತ್ತು, ತಾನಿದ್ದ ಬಾಡಿಗೆ ಮನೆ. ಸಂತೆಮಾಳದ ಹಿಂದಿನ ವಠಾರದಲ್ಲಿ ಮೂರು ಕೋಣೆ ಒಂದರ ಹಿಂದೊಂದು, ರೈಲು ಡಬ್ಬಿಯ ಹಾಗೆ. ಮುಂದಿನ ಕೋಣೆ ಕುಳ್ಳಯ್ಯನದು. ಅಲ್ಲಿ ಅವನ ಮಂಚ, ಫೈಲು, ಬಂದವರು ಕೂರುವ ಬೆಂಚು. ಹಿಂದಿನದು ಅಡಿಗೆಮನೆ. ನಡುವಿನದು ಅವನ ಹೆಂಡತಿ ದ್ಯಾವಮ್ಮನದು, ಅಂದರೆ ಅಲ್ಲಿ ಅವಳ ಚಾಪೆ ಇತ್ತು. ಮುಂಚೆ ಅದೇ ಚಾಪೆಯ ಅಕ್ಕಪಕ್ಕ ಇಬ್ಬರು ಹೆಣ್ಣುಮಕ್ಕಳು ಮಲಗುತ್ತಿದ್ದರು. ಅವರು ಮದುವೆಯಾಗಿ ಹೋದ ಮೇಲೂ ಚಾಪೆ ಅಲ್ಲೇ ಉಳಿಯಿತು.

ಆ ನಡುಕೋಣೆಯಲ್ಲಿ ಓಡಾಡುವವರು ಇವರಿಬ್ಬರೇ ಅಲ್ಲ. ವಠಾರದ ಯಜಮಾನ ಎಂಬತ್ತಮೂರರಲ್ಲಿ ಗೋಡೆಯೊಂದನ್ನು ಎಬ್ಬಿಸಿ ಹಿಂದಿನ ಮನೆಯವರ ಓಣಿ ಮುಚ್ಚಿಬಿಟ್ಟ. ಹಿಂದಿನ ಮನೆಯಲ್ಲಿದ್ದವನು ಹಾಲಿನ ಕರಿಯಯ್ಯ. “ನಾಕು ದಿನದ ಮಟ್ಟಿಗೆ ಕುಳ್ಳಯ್ಯನ ಮನೆ ಒಳಗಿಂದ ಓಡಾಡ್ಕೊ, ಬೇರೆ ದಾರಿ ಮಾಡ್ಕೊಡ್ತೀನಿ” ಎಂದು ಯಜಮಾನ ಹೇಳಿದ. ಕರಿಯಯ್ಯ ಸೈಕಲ್ಲು, ಹಾಲಿನ ಕ್ಯಾನು ಸಮೇತ ಅಡಿಗೆಮನೆಯಿಂದ ಹೊಕ್ಕು, ನಡುಕೋಣೆ ದಾಟಿ, ಮುಂಬಾಗಿಲಿನಿಂದ ಬೀದಿಗಿಳಿಯತೊಡಗಿದ. ಈಗ ತೊಂಬತ್ತನಾಲ್ಕು. ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ.

ಸ್ವಂತ ಮನೆ ಬೇಕು ಎಂದು ದ್ಯಾವಮ್ಮ ಬಾಯಿಬಿಟ್ಟು ಕೇಳಿದ್ದು ಆ ವರ್ಷವೇ. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು, ಸಂಘದಲ್ಲಿ ಸಾಲ ಹುಟ್ಟುತ್ತಿತ್ತು. ಕೋಟೆ ಬೀದಿಯಲ್ಲಿ ಸುಬ್ಬಣ್ಣ ಎಂಬ ಗುಮಾಸ್ತರ ಮನೆ ಮಾರಾಟಕ್ಕೆ ಬಂದಿತ್ತು. ಅವರದು ತಲೆತಲಾಂತರದಿಂದ ದೇವಸ್ಥಾನದ ಪೂಜೆಯ ಮನೆತನ. ಸುಬ್ಬಣ್ಣ ಪೂಜೆಯ ಸರದಿಯನ್ನು ತಮ್ಮನಿಗೆ ಬಿಟ್ಟು, ವರ್ಗವಾಗಿದ್ದ ಪಾಂಡವಪುರದಲ್ಲೇ ನೆಲೆ ನಿಲ್ಲುವವರಿದ್ದರು. ಕುಳ್ಳಯ್ಯ ಹೆಂಡತಿಯನ್ನು ಕರೆದುಕೊಂಡು ಮನೆ ನೋಡಲು ಹೋದ.

ಬೀದಿಗೆ ಮುಖ ಮಾಡಿ ದೊಡ್ಡ ಕಿಟಕಿಯ ಒಂದು ಕೋಣೆ. ಪಕ್ಕದಲ್ಲಿ ಹಜಾರ, ಹಜಾರಕ್ಕೆ ಹೊಂದಿಕೊಂಡು ಒಳಗೊಂದು ಕತ್ತಲೆ ಕೋಣೆ, ಅದರಾಚೆ ಅಡಿಗೆಮನೆ, ಬಾವಿ. ಕುಳ್ಳಯ್ಯ ಬೀದಿ ಕೋಣೆಯಲ್ಲಿ ಟವೆಲು ಹಾಸುತ್ತಿದ್ದ ಹೊತ್ತಿಗೆ ದ್ಯಾವಮ್ಮ ಒಳಗಿನ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಹಜಾರಕ್ಕೆಲ್ಲ ಕೇಳಿಸಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಕುಳ್ಳಯ್ಯ ಬೀದಿ ಕೋಣೆಯನ್ನು ಉದ್ದಕ್ಕೂ ಅಗಲಕ್ಕೂ ಮಲಗಿ ಮುಗಿಸಿ ಬಂದರೂ ಬಾಗಿಲು ತೆರೆಯಲಿಲ್ಲ. ಸುಬ್ಬಣ್ಣನವರ ಹೆಂಡತಿ ಪದ್ಮ ಗಾಬರಿಯಾಗಿ ಬಾಗಿಲು ತಟ್ಟಿದರು.

“ಏನಾಯ್ತು ದ್ಯಾವಮ್ಮನೋರೇ?”

ದ್ಯಾವಮ್ಮ ಚಿಲಕ ತೆಗೆದು ಬಂದಳು. ಸೆರಗು ಸರಿಮಾಡಿಕೊಂಡು, “ಏನಿಲ್ಲ ಕಣವ್ವ, ಸುಮ್ಕೆ ಕುಂತಿದ್ದೆ” ಅಂದಳು. ಆಮೇಲೆ ಗಂಡನ ಕಡೆ ತಿರುಗಿ, “ಈ ಮನೇನೇ ಆಗ್ಲಿ” ಅಂದಳು. ಅಡಿಗೆಮನೆಯನ್ನೂ ಬಾವಿಯನ್ನೂ ಅವಳು ಇನ್ನೂ ನೋಡಿರಲೇ ಇಲ್ಲ.

ಕುಳ್ಳಯ್ಯ ಕತ್ತಲೆ ಕೋಣೆಯೊಳಗೆ ಹೋದ. ಟಾರ್ಚು ಹಿಡಿದು ಟವೆಲು ಹಾಸಿ ಮಲಗಿದ. ಹತ್ತಡಿಗೆ ಹನ್ನೊಂದಡಿ ಧಾರಾಳವಾಗಿತ್ತು, ಬಾಗಿಲು ಎಲ್ಲಿಗೂ ತಾಗಲಿಲ್ಲ. ಎದ್ದು ನಾಲ್ಕೂ ಗೋಡೆಗೆ ಟಾರ್ಚು ಬಿಟ್ಟ. ಒಂದು ಬೆರಳು ತೂರುವಷ್ಟು ಕಿಂಡಿಯೂ ಇರಲಿಲ್ಲ.

“ಕಿಟಕಿ ಎಲ್ಲದೆ ಸುಬ್ಬಣ್ಣೋರೆ?”

“ಇದು ಬಾಣಂತಿ ಕೋಣೆ ಕುಳ್ಳಯ್ಯನವರೇ. ಬಾಣಂತೀಗೆ ಥಂಡಿ ಗಾಳಿ ಸೋಕಬಾರದು ಅಂತ ನಮ್ಮ ಮುತ್ತಾತ ಕಿಟಕೀನೇ ಇಡಿಸಲಿಲ್ಲ. ನಮ್ಮ ತಂದೆ ಹುಟ್ಟಿದ್ದು ಇಲ್ಲೇ, ನಾನು ಹುಟ್ಟಿದ್ದೂ ಇಲ್ಲೇ. ಒಟ್ಟು ಹತ್ತೊಂಬತ್ತು ಹೆರಿಗೆ ಆಗಿದೆ.”

“ಹೆರಿಗೆ ಆಗಾಕೆ ಕಾಯ್ದೆ ಅಡ್ಡಿ ಮಾಡಾಕಿಲ್ಲ ಸ್ವಾಮಿ. ಮಲಗಾಕೆ ಕಿಟಕಿ ಬೇಕು.”

“ಹತ್ತೊಂಬತ್ತು ಬಾಣಂತಿಯರು ಮೂರು ಮೂರು ತಿಂಗಳು ಇಲ್ಲಿ ನಿಂತ್ಕೊಂಡಿದ್ರೇನ್ರೀ? ಮಲಗೇ ಇದ್ರು!”

“ಇದ್ದಿರಬೌದು. ಲೆಕ್ಕಕ್ಕೆ ಬರಾಕಿಲ್ಲ” ಅಂದ ಕುಳ್ಳಯ್ಯ. ಕಾಫಿಗೆ ಸಕ್ಕರೆ ಕಮ್ಮಿ ಇತ್ತು.

ಮನೆಗೆ ಬಂದ ಮೇಲೆ ಗಂಡಹೆಂಡಿರಿಗೆ ಮಾತಾಯಿತು. ಬೀದಿ ಕೋಣೆ ಯಾರದು ಎಂಬ ಪ್ರಶ್ನೆಯೇ ಏಳಲಿಲ್ಲ. ಫೈಲು ಇರುವವನಿಗೆ, ಮಂದಿ ಹುಡುಕಿಕೊಂಡು ಬರುವವನಿಗೆ ಬೀದಿ ಕೋಣೆ. ಅದು ಸೂರ್ಯ ಮೂಡಲಲ್ಲಿ ಹುಟ್ಟುವಷ್ಟು ಸಹಜವಾಗಿ ಇಬ್ಬರ ಮನಸ್ಸಿನಲ್ಲೂ ಇತ್ತು. ತಂಟೆ ಇದ್ದದ್ದು ಕತ್ತಲೆ ಕೋಣೆಯದು.

“ನಂಗೆ ಕಿಟ್ಕಿ ಬ್ಯಾಡ ಕಣಿ. ಚಿಲ್ಕ ಬೇಕು. ಬಾಗ್ಲಾಕ್ಕಂಡು ಒಂದ್ಸಲ ಮನೀಕಬೇಕು, ಅಷ್ಟೇಯ” ಅಂದಳು ದ್ಯಾವಮ್ಮ.

“ಅಲ್ಲ ಕಣಮ್ಮಿ, ಇಂಥ ಕ್ವಾಣೆ ಇರೋ ಅರವತ್ತು ಮನೇನ ನಾನೇ ಬ್ಯಾಡ ಅಂತ ಬರ್ದಿವ್ನಿ. ಈಗ ನಾನೇ ತಗಂಡ್ರೆ ಆ ಅರವತ್ತು ಜನ ಬಂದು ಕೇಳಾಕಿಲ್ವಾ? ಕಾಯ್ದೆ ಪ್ರಕಾರ ಆ ಮನೇಲಿ ನೀನು ಮಲಗಾಕೆ ಜಾಗವೇ ಇಲ್ಲ.”

“ನಾನೀಗ ಈ ನಡುಕ್ವಾಣೇಲಿ ಮನಗ್ತಾ ಇವ್ನಲ್ಲ, ಇದು ಯಾವ ಕಾಯ್ದೆ?”

“ಇದು ಬಾಡಿಗೆ ಮನೆ. ಕಾಯ್ದೆ ಕೊಳ್ಳೋ ಮನೆಗೆ ಮಾತ್ರ.”

ಅವನು ಹೇಳಿದ್ದು ಸಂಘದ ನಿಯಮಾವಳಿಯ ಮೂರನೇ ಪುಟದಲ್ಲಿ ಇದ್ದದ್ದೇ. ದ್ಯಾವಮ್ಮ ಮುದ್ದೆ ತೊಳಸಲು ಎದ್ದುಹೋದಳು. ಆ ದಿನದ ಮುದ್ದೆ ಗಂಟುಗಂಟಾಗಿತ್ತು.

ಹಾಗೆಂದು ಕುಳ್ಳಯ್ಯ ಕೈಕಟ್ಟಿ ಕೂತವನಲ್ಲ. ಮೇಸ್ತ್ರಿಯೊಬ್ಬನನ್ನು ಕರೆದೊಯ್ದು ಕತ್ತಲೆ ಕೋಣೆಗೆ ಕಿಟಕಿ ಒಡೆಯಲು ಜಾಗ ಹುಡುಕಿಸಿದ. ಮೂರು ಗೋಡೆ ಮನೆಯೊಳಗೇ ಇದ್ದವು, ಅಲ್ಲಿ ಒಡೆದರೆ ಕಿಟಕಿ ಬಯಲಿಗೆ ತೆರೆಯುವುದಿಲ್ಲ. ನಾಲ್ಕನೆಯದು ಪಕ್ಕದ ಮನೆಯ ಜಂಟಿ ಗೋಡೆ. ಅದರಾಚೆ ಪಕ್ಕದವರ ಬಚ್ಚಲು. ಮೇಲೆ ನೋಡಿದರೆ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಹಳೇ ಮದ್ರಾಸು ತಾರಸಿ. “ಒಂದು ಇಟ್ಟಿಗೆ ಅಳ್ಳಾಡಿಸಿದ್ರೆ ಬಯಲಿಗೆ ತೆರೆಯೋದು ಕಿಟಕಿ ಅಲ್ಲ ಬುದ್ದಿ, ಇಡೀ ಕ್ವಾಣೆ” ಅಂದ ಮೇಸ್ತ್ರಿ. ಅಲ್ಲಿಗೆ ಅದೂ ಮುಗಿಯಿತು.

ಅಷ್ಟರಲ್ಲಿ ದ್ಯಾವಮ್ಮನೇ ಒತ್ತಾಯ ಮಾಡಿ ಅರ್ಜಿ ಹಾಕಿಸಿದ್ದಳು. ತನ್ನ ಮನೆಗೆ ತಾನೇ ರುಜು ಹಾಕುವಂತಿಲ್ಲ, ಹಾಗಾಗಿ ಈಚೆಗೆ ಪಾಂಡವಪುರದ ಕಡೆಯ ಮನೆಗಳನ್ನು ಸಂಘಕ್ಕಾಗಿ ನೋಡುತ್ತಿದ್ದ ಪುಟ್ಟರಾಜುವನ್ನು ಸಂಘ ಕಳಿಸಿತು. ಹೊಸಬ, ಲೂನಾದಲ್ಲಿ ಬಂದ. ಕುಳ್ಳಯ್ಯನೆಂದರೆ ಅವನಿಗೆ ಗುರುವಿಗಿಂತ ಹೆಚ್ಚು. ಸುಬ್ಬಣ್ಣನವರ ಹಜಾರದಲ್ಲಿ ಕೂತು, ಕಾಫಿ ಕುಡಿದು, ಕತ್ತಲೆ ಕೋಣೆಯ ಕಡೆ ಕತ್ತೂ ಹೊರಳಿಸದೆ ಒಂಬತ್ತನೇ ಕಲಮಿನಲ್ಲಿ ‘ಎರಡು’ ಎಂದು ಬರೆದ.

“ಮಲಗಿ ನೋಡಿದೇನ್ಲಾ?” ಎಂದು ಕುಳ್ಳಯ್ಯ ಕೇಳಿದ.

“ನಿಮ್ ಮನೇಲಿ ನಾನು ಮಲಗಿ ನೋಡಾದಾ ಅಣ್ಣ? ಬುಡ್ತು ಅನ್ನಿ.”

“ಕಿಟಕಿ ನೋಡಿದಾ?”

“ನೀವು ತಗತೀರಿ ಅಂದ್ಮೇಲೆ ಇದ್ದೇ ಇರ್ತದೆ.”

ಬೇರೆ ಯಾರಾದರೂ ಆಗಿದ್ದರೆ ಪುಟ್ಟರಾಜುವಿಗೆ ಊಟ ಹಾಕಿಸಿ ಲೂನಾ ಹತ್ತಿಸಿ ಕಳಿಸುತ್ತಿದ್ದರು. ಕುಳ್ಳಯ್ಯ ಸಂಘದ ಕಾರ್ಯದರ್ಶಿಗೆ ತಕರಾರು ಅರ್ಜಿ ಬರೆದ. ‘ಮೇಲ್ಕಂಡ ಮನೆಗೆ ಎರಡು ಮಲಗುವ ಕೋಣೆ ಇರುವುದಾಗಿ ತಪ್ಪಾಗಿ ನಮೂದಾಗಿದೆ. ವಾಸ್ತವದಲ್ಲಿ ಒಂದೇ ಇದೆ. ಅರ್ಜಿದಾರನಿಗೆ ಪೂರ್ತಿ ಸಾಲ ಕೊಡಕೂಡದು. ಇಂತಿ ಅರ್ಜಿದಾರ.’ ಕಾರ್ಯದರ್ಶಿ ಅದನ್ನು ಮೂರು ಸಲ ಓದಿ, ಕುಳ್ಳಯ್ಯನಿಗೆ ಹುಷಾರಿಲ್ಲವೇನೋ ಎಂದು ಜವಾನನನ್ನು ಮನೆಗೆ ಕಳಿಸಿ ವಿಚಾರಿಸಿದರು. ಹುಷಾರಾಗಿದ್ದಾನೆ ಎಂದು ತಿಳಿದು, ‘ಅರ್ಜಿದಾರರು ಹದಿನೈದು ದಿನದೊಳಗೆ ತಮ್ಮ ಅಭಿಪ್ರಾಯ ತಿಳಿಸತಕ್ಕದ್ದು’ ಎಂದು ಫೈಲು ವಾಪಸು ಕಳಿಸಿದರು. ಈ ಮನೆಯನ್ನು ಬಿಟ್ಟುಬಿಡುತ್ತೇನೆ ಎಂದು ಬರೆಯುವುದೊಂದು ಬಾಕಿ ಇತ್ತು. ಕುಳ್ಳಯ್ಯನ ಮನಸ್ಸಿನಲ್ಲಿದ್ದದ್ದೂ ಅದೇ. ಅತ್ತ ಸುಬ್ಬಣ್ಣನವರು ದೀಪಾವಳಿ ತನಕ ಮಾತ್ರ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಅಂದಿದ್ದರು.

ಜವಾನನ ಬಾಯಿಂದ ದ್ಯಾವಮ್ಮನಿಗೆ ವಿಷಯ ತಿಳಿಯಿತು. ಅವಳು ಕೂಗಾಡಲಿಲ್ಲ.

“ಮುನ್ನೂರು ಮನೇಲಿ ಮನಗಿ ನೋಡುದ್ರಿ. ನಾನು ಮನಗೋ ತಾವ ಒಂದಿನನಾರ ಮನಗಿ ನೋಡಿದ್ರಾ?”

ಇಷ್ಟು ಹೇಳಿ ಒಂದು ಸೀರೆ, ಎಲೆಅಡಿಕೆ ಚೀಲ ತೆಗೆದುಕೊಂಡು ಪಾಂಡವಪುರದ ಬಸ್ಸು ಹತ್ತಿ ದೊಡ್ಡ ಮಗಳ ಮನೆಗೆ ಹೋದಳು. ಮೂವತ್ತು ವರ್ಷದಲ್ಲಿ ಬಾಣಂತನಕ್ಕೆ, ಹಬ್ಬಕ್ಕೆ ಬಿಟ್ಟರೆ ಅವಳು ಹಾಗೆ ಹೋದದ್ದು ಅದೇ ಮೊದಲು. ಹೆಂಡತಿ ಹೇಳಿದ್ದನ್ನೂ ಕುಳ್ಳಯ್ಯ ಮೇಷ್ಟರು ಹೇಳಿದ್ದರ ಹಾಗೇ, ಆಡಿದ್ದನ್ನು ಆಡಿದಂತೆ ತೆಗೆದುಕೊಂಡ.

ಭಾನುವಾರ ಮಧ್ಯಾಹ್ನ ಉಂಡು, ತಟ್ಟೆ ತೊಳೆದು, ನಡುಕೋಣೆಯಲ್ಲಿ ಟವೆಲು ಹಾಸಿದ. ಆಮೇಲೆ ಏನನ್ನಿಸಿತೋ, ಟವೆಲು ತೆಗೆದು ಮೂಲೆಯಲ್ಲಿದ್ದ ದ್ಯಾವಮ್ಮನ ಚಾಪೆಯನ್ನೇ ಅವಳು ಹಾಸುವ ಜಾಗದಲ್ಲಿ ಹಾಸಿದ. ಚಾಪೆಯ ಕೆಳಭಾಗ ಹೊಸದರಂತಿತ್ತು. ಮೇಲರ್ಧ ಸವೆದು ನಾರು ಎದ್ದಿತ್ತು. ಇದೇನು ಹೀಗೆ ಎಂದು ಅವನಿಗೆ ತಿಳಿಯಲಿಲ್ಲ. ಬಲಗಾಲು ಚಾಚಿ, ಎಡಗಾಲು ಮಡಿಸಿ, ಪದ್ಧತಿಯಂತೆ ಮಲಗಿದ. ಉದ್ದ ಸಾಕಾಗಿತ್ತು, ಅಗಲವೂ ಪರವಾಗಿರಲಿಲ್ಲ. ಕಿಟಕಿ ಇಲ್ಲ ಎಂದು ಮನಸ್ಸಿನಲ್ಲೇ ಬರೆದುಕೊಂಡ. ಚಿಲಕ ಇಲ್ಲ, ಬಾಗಿಲೇ ಇಲ್ಲ ಎಂದು ಬರೆದುಕೊಂಡ. ಅಷ್ಟರಲ್ಲಿ ಅಡಿಗೆಮನೆಯ ಕಡೆಯಿಂದ ಸೈಕಲ್ ಬೆಲ್ಲು ಟ್ರಿಣ್ ಟ್ರಿಣ್ ಎಂದಿತು. ಮುಂದಿನ ಚಕ್ರ ಒಳಗೆ ಬಂತು, ಹಿಂದೆ ಕ್ಯಾನು, ಅದರ ಹಿಂದೆ ಕರಿಯಯ್ಯ.

“ಅಣ್ಣೋ, ಕಾ...ಲು!”

ಚಕ್ರ ಪಾದದ ಮೇಲೆ ಹತ್ತಿತು. ಕುಳ್ಳಯ್ಯ ಅವ್ವಾ ಎಂದು ಎದ್ದು ಕೂತ. ಕರಿಯಯ್ಯ ಸೈಕಲ್ಲನ್ನು ಗೋಡೆಗೆ ಒರಗಿಸಿ ಪಾದ ನೀವಿದ.

“ಕ್ಸಮ್ಸಬೇಕು ಅಣ್ಣ. ಅಕ್ಕ ಇರ್ತಾಳೆ ಅನ್ಕಂಡು ಬಂದ್ಬುಟ್ಟೆ. ಅಕ್ಕ ಆದ್ರೆ ಬೆಲ್ ಒಡುದ್ ತಕ್ಸಣ ಕಾಲು ಮಡಿಸ್ಬುಡ್ತಾಳೆ.”

“ಅವ್ಳು ಮನಗಿದ್ದಾಗ್ಲೂ ಇಂಗೇ ಓಡಾಡ್ತೀಯಾ?”

“ಇಂಗೇಯ. ಬೆಳಗಿನ್ ಜಾವ ಒಂದ್ಸಲ, ಬಿಸ್ಲಲ್ಲಿ ಒಂದ್ಸಲ, ಸಂದೇಲಿ ಒಂದ್ಸಲ. ಹನ್ನೊಂದು ವರ್ಸಕ್ಕೆ ಒಂದಿನಾನೂ ಅಕ್ಕಂಗೆ ತಾಗ್ಸಿಲ್ಲ ಅಣ್ಣ, ದೇವ್ರಾಣೆ. ನಿದ್ದೇಲೂ ಮಡಿಸ್ತಾಳೆ. ಈಚೀಚ್ಗೆ ಬೆಲ್ ಒಡಿಯೋದೂ ಬ್ಯಾಡ, ಕಾಲು ಮಡಿಸ್ಕಂಡೇ ಮನಗಿರ್ತಾಳೆ.”

ಇದನ್ನು ಅವನು ದ್ಯಾವಮ್ಮನ ಹೊಗಳಿಕೆ ಎಂದೇ ಹೇಳಿದ. ಸೈಕಲ್ಲು ಮುಂದಿನ ಕೋಣೆ ದಾಟಿ ಬೀದಿಗಿಳಿದು ಹೋಯಿತು.

ಕುಳ್ಳಯ್ಯ ಚಾಪೆಯ ಮೇಲೆ ಕೂತೇ ಇದ್ದ. ಚಾಪೆಯ ಕೆಳಗಿನ ಅರ್ಧ ಯಾಕೆ ಹೊಸದಾಗಿತ್ತು ಎಂದು ಈಗ ಗೊತ್ತಾಯಿತು. ಹೆಣದಂತೆ ಕಾಣಬಾರದೆಂದು ತಾನು ಒಂದು ಕಾಲು ಮಡಿಸಿ ಊರೆಲ್ಲ ಮಲಗಿದ್ದ; ಇಲ್ಲಿ ಇವಳು ಎರಡೂ ಮಡಿಸಿ ಹನ್ನೊಂದು ವರ್ಷ ಮಲಗಿದ್ದಳು. ಎರಡು ಕೋಣೆಯಾಚೆ ಅಲ್ಲ, ಪಕ್ಕದಲ್ಲೇ ಮಂಚದ ಮೇಲೆ ತಾನು ಹರಡಿಕೊಂಡು ಬಿದ್ದಿರುತ್ತಿದ್ದೆ ಎಂದು ನೆನೆದು ಅವನಿಗೆ ನಾಚಿಕೆಯಾಯಿತು. ಹಾದಿ ಕೋಣೆ ಎಂದು ಹತ್ತಾರು ಮನೆಯವರ ಮುಖದ ಮೇಲೆ ಹೇಳಿ ಬಂದಿದ್ದ ಪುಣ್ಯಾತ್ಮನ ಕಣ್ಣಿನಲ್ಲಿ ನೀರು ಬಂತು. ಪಾದ ನೋಯುತ್ತಿದ್ದದ್ದರಿಂದ ಇರಬಹುದು ಎಂದು ತಾನೇ ಸಮಾಧಾನ ಹೇಳಿಕೊಂಡ.

ಆಮೇಲೆ ಎದ್ದು, ಕುಂಟುತ್ತ ಮುಂದಿನ ಕೋಣೆಗೆ ಹೋಗಿ, ಫೈಲು ಬಿಚ್ಚಿದ. ಕುಳಿತು ಲೆಕ್ಕ ಹಾಕಿದ. ಸುಬ್ಬಣ್ಣನವರ ಮನೆಗೆ ಕಾಯಿದೆಬದ್ಧವಾದ ಮಲಗುವ ಕೋಣೆ ಒಂದು. ಮಲಗಲು ಕೋಣೆ ಬೇಕೆಂದು ಕೇಳಿದವರು ಒಬ್ಬರು. ಹದಿನೆಂಟು ವರ್ಷ ಜನರ ಕೋಣೆ ಎಣಿಸಿದವನಿಗೆ ಈ ಲೆಕ್ಕ ಹೊಳೆಯಲು ಕಾಲಿನ ಮೇಲೆ ಸೈಕಲ್ಲು ಹತ್ತಬೇಕಾಯಿತು.

ಅಭಿಪ್ರಾಯದ ಹಾಳೆಯಲ್ಲಿ ಹೀಗೆ ಬರೆದ: ‘ಮಲಗುವ ಕೋಣೆ, ಒಂದು, ಬೀದಿ ಕಡೆಯದು. ಉಪಯೋಗಿಸುವವರು ಶ್ರೀಮತಿ ದ್ಯಾವಮ್ಮ. ಒಳಗಿನ ಕೋಣೆಗೆ ಕಿಟಕಿ ಇಲ್ಲವಾಗಿ ಅದನ್ನು ಸಾಮಾನು ಕೋಣೆ ಎಂದು ಪರಿಗಣಿಸತಕ್ಕದ್ದು. ಅದರಲ್ಲಿ ಇಡುವ ಸಾಮಾನು: ಫೈಲು, ಬೆಂಚು, ಅರ್ಜಿದಾರ. ಮುಕ್ಕಾಲು ಸಾಲಕ್ಕೆ ಒಪ್ಪಿಗೆ ಇದೆ.’ ಕಾರ್ಯದರ್ಶಿ ಈ ಸಲ ಜವಾನನನ್ನು ಕಳಿಸಲಿಲ್ಲ, ಮಂಜೂರು ಎಂದು ಬರೆದು ಫೈಲು ಮುಚ್ಚಿದರು. ಕಾಲು ಪಾಲಿಗೆ ಕುಳ್ಳಯ್ಯ ಸ್ಕೂಟರಿಗೆಂದು ಕೂಡಿಟ್ಟದ್ದನ್ನು ಹಾಕಿದ.

ಮಗಳ ಮನೆಗೆ ಅವನೇ ಹೋದ. ದ್ಯಾವಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ಅವನ ಪಾದದ ಊತ ನೋಡಿದಳು.

“ಕಾಲ್ಗೇನಾಯ್ತು?”

“ನೀನು ಮನಗೋ ತಾವ ಮನಗಿದ್ದೆ.”

ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಹಿಡಿ ಮುಗಿದ ಮೇಲೆ, “ಕರಿಯಯ್ಯ ಬೆಲ್ ಒಡೀನಿಲ್ವಾ?” ಎಂದು ಕೇಳಿದಳು.

“ಒಡುದ. ನಂಗೆ ಮಡಿಸಾದು ಗೊತ್ತಾಗ್ನಿಲ್ಲ.” ಊದಿದ ಪಾದ ನೀವಿಕೊಳ್ಳುತ್ತ, “ಬೀದಿ ಕ್ವಾಣೆ ನಿಂದು ಕಣಮ್ಮಿ. ರುಜು ಆಕಿ ಬಂದಿವ್ನಿ” ಅಂದ.

“ಕಿಟ್ಕಿ ಬ್ಯಾಡ ಅಂದಿದ್ನಲ್ಲ.”

“ಕಾಯ್ದೆ ಕಣಮ್ಮಿ. ಇರ್ಲೇಬೇಕು.”

ದ್ಯಾವಮ್ಮ ಮೊರದಲ್ಲಿದ್ದ ಸಿಪ್ಪೆಯನ್ನೆಲ್ಲ ಒಂದು ಕಡೆ ಒತ್ತಿ, ಮಗಳನ್ನು ಕೂಗಿ, ನಿಮ್ಮಪ್ಪನಿಗೆ ಕಾಲಿಗೆ ಹಚ್ಚಲು ಅರಿಸಿನ ಕಾಯಿಸಿಕೊಂಡು ಬಾ ಅಂದಳು.

ದೀಪಾವಳಿಗೆ ನಾಲ್ಕು ದಿನ ಮುಂಚೆ ಹಾಲುಕ್ಕಿಸಿದರು. ಬಂದವರು ಉಂಡು ಹೋದ ಮೇಲೆ ದ್ಯಾವಮ್ಮ ಬೀದಿ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಹೊಸ ಚಾಪೆ ತಂದಿದ್ದರು. ಕುಳ್ಳಯ್ಯ ಸಾಮಾನು ಕೋಣೆಯಲ್ಲಿ ಫೈಲುಗಳ ಪಕ್ಕ ಮಂಚದ ಮೇಲೆ, ಕತ್ತಲಲ್ಲಿ, ಬಾಗಿಲು ತೆರೆದುಕೊಂಡು ಮಲಗಿದ. ಸ್ವಲ್ಪ ಹೊತ್ತಿಗೆ ಯಾರೋ ಗೊರಕೆ ಹೊಡೆಯುವುದು ಕೇಳಿಸಿತು. ನೆಂಟರಲ್ಲಿ ಯಾರು ಉಳಿದರು ಎಂದು ಎದ್ದು ಬಂದು ಹಜಾರದಲ್ಲಿ ನೋಡಿದ. ಯಾರೂ ಇರಲಿಲ್ಲ. ಗೊರಕೆ ಬೀದಿ ಕೋಣೆಯಿಂದ ಬರುತ್ತಿತ್ತು. ದ್ಯಾವಮ್ಮ ಗೊರಕೆ ಹೊಡೆಯುತ್ತಾಳೆಂದು ಮೂವತ್ತು ವರ್ಷ ಅವನಿಗೆ ಗೊತ್ತಿರಲಿಲ್ಲ.

ಅವನು ಮತ್ತೆ ಹೋಗಿ ಮಲಗಿ ಕಾಲು ಚಾಚಿದ. ಬೀದಿಯಲ್ಲಿ ಯಾರದೋ ಸೈಕಲ್ಲು ದ್ಯಾವಮ್ಮನ ಕಿಟಕಿಯ ಹತ್ತಿರವೇ ಟ್ರಿಣ್ ಟ್ರಿಣ್ ಎಂದು ಬೆಲ್ಲು ಹೊಡೆದು ಹೋಯಿತು. ಕುಳ್ಳಯ್ಯ ಥಟ್ಟನೆ ಎರಡೂ ಕಾಲು ಮಡಿಸಿದ. ಆಚೆ ಕೋಣೆಯ ಗೊರಕೆ ನಿಲ್ಲಲಿಲ್ಲ.